ಜ್ವರ ಬಂದ ಗರ್ಭಿಣಿ ಎಲ್ಲಿಗೆ ಹೋಗಿಬಂದಿದ್ದಳು?

ಎರ್ನಾಕುಲಂನಲ್ಲಿ ಮಳೆಗಾಲದ ಜ್ವರ ಅಂದರೆ ಡೆಂಗಿ, ಇಲ್ಲವೇ ‘ಎಲಿಪ್ಪನಿ’, ನಮ್ಮ ಇಲಿಜ್ವರ. ಮಲೇರಿಯಾ ಇಲ್ಲಿ ಬೇಗ ಯಾರ ನೆನಪಿಗೂ ಬರುವುದಿಲ್ಲ. ಕೇರಳದಲ್ಲಿ ಪತ್ತೆಯಾಗುವ ಹೆಚ್ಚಿನ ಮಲೇರಿಯಾ ಹೊರಗಿನಿಂದ ಬಂದವರದ್ದು. ಆದರೆ ಒಂದು ರಾತ್ರಿಯ ರೈಲಿನ ದೂರದಲ್ಲಿ ಮಂಗಳೂರಿದೆ. ಅಲ್ಲಿ ಕಟ್ಟಡ ಕೆಲಸಕ್ಕೆ ನಿಲ್ಲಿಸಿದ ನೀರು, ತಾರಸಿಯ ಟ್ಯಾಂಕುಗಳಲ್ಲಿ ಅನಾಫಿಲಿಸ್ ಸೊಳ್ಳೆ ಬೆಳೆದು 1990ರ ದಶಕದಿಂದ ಮಲೇರಿಯಾ ಕಾಡಿತು. 2015ರಲ್ಲಿ ಪಾಲಿಕೆಯ ಕಾರ್ಯಕರ್ತರ ಕೈಗೆ ಟ್ಯಾಬ್ ಬಂದು, ಪ್ರತಿ ರೋಗಿಯ ವಿವರ ಸಾಫ್ಟ್‌ವೇರಿಗೆ ಸೇರತೊಡಗಿದ ಮೇಲೆ ಪ್ರಕರಣಗಳು ಬಹಳ ಇಳಿದವು. ನಮ್ಮ ವೃತ್ತಿಯವರು ಹೆಮ್ಮೆಪಡಬಹುದಾದ ಕೆಲಸ. ಇಳಿದದ್ದು ಹೌದು, ಪೂರ್ತಿ ಹೋದದ್ದಲ್ಲ.

ಕಳೆದ ವರ್ಷ ನನ್ನ ಹೆಂಡತಿ ಐದು ತಿಂಗಳ ಬಸುರಿ. ಮದುವೆಯೊಂದಕ್ಕೆ ಮಂಗಳೂರಿನ ತವರಿಗೆ ಹೋಗಿ, ಕಾಕ್ಕನಾಡಿಗೆ ಮರಳಿ ಹತ್ತು ದಿನಕ್ಕೆ ನಡುಕದ ಜ್ವರ. ಡೆಂಗಿ ನೆಗೆಟಿವ್. “ಮಲೇರಿಯಾಕ್ಕೂ ರಕ್ತ ನೋಡ್ಲಿಕ್ಕೆ ಹೇಳಿ ಮಾರಾಯ್ರೆ” ಎಂದು ಅತ್ತೆ ಫೋನಿನಲ್ಲಿ ಒತ್ತಾಯಿಸಿದರು. ಸ್ಲೈಡಿನಲ್ಲಿ ವೈವಾಕ್ಸ್ ಸಿಕ್ಕಿತು.

ಫಾಲ್ಸಿಪಾರಂ ಆಗಿದ್ದರೆ ಅಪಾಯ ಇನ್ನೂ ದೊಡ್ಡದು. ತಾಯಿಯ ರಕ್ತದಿಂದ ಮಗುವಿಗೆ ಆಮ್ಲಜನಕ, ಆಹಾರ ದಾಟಿಸುವುದು ಮಾಸು, ಡಾಕ್ಟರರ ಪ್ಲಾಸೆಂಟಾ. ಫಾಲ್ಸಿಪಾರಂ ಹೊಕ್ಕ ಕೆಂಪು ರಕ್ತಕಣದ ಮೈಮೇಲೆ ಒಂದು ವಿಶೇಷ ಪ್ರೋಟೀನ್ ಮೂಡುತ್ತದೆ. ಅದು ಮಾಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್‌ಗೆ, ಪೋರ್ಟಿಗೆ ಪ್ಲಗ್ ಕೂತಂತೆ, ಅಂಟಿಕೊಳ್ಳುತ್ತದೆ. ಸೋಂಕಿನ ಕಣಗಳು ಅಲ್ಲೇ ಗುಂಪುಗೂಡಿ ಉರಿಯೂತವಾಗಿ, ಮಗುವಿಗೆ ಹೋಗಬೇಕಾದದ್ದು ಕಡಿಮೆಯಾಗುತ್ತದೆ. ತೂಕ ಕಡಿಮೆಯ ಮಗು, ಅವಧಿಗೆ ಮುನ್ನ ಹೆರಿಗೆ, ಕೆಲವೊಮ್ಮೆ ಗರ್ಭಪಾತ. ಕಣಗಳು ಮಾಸಿನಲ್ಲಿ ಅಡಗಿರುವುದರಿಂದ ಬೆರಳಿನ ರಕ್ತದಲ್ಲಿ ಕಾಣದೆಯೂ ಇರಬಹುದು.

ಮಂಗಳೂರಿನಲ್ಲಿ ಹೆಚ್ಚಾಗಿ ಸಿಗುವ ವೈವಾಕ್ಸ್ ಮಾಸಿನಲ್ಲಿ ಇಷ್ಟು ಗುಂಪುಗೂಡುವುದಿಲ್ಲ. ಆದರೂ ತಾಯಿಗೆ ರಕ್ತಹೀನತೆ ತರುತ್ತದೆ, ಮಗುವಿನ ತೂಕ ಇಳಿಸುತ್ತದೆ. ಮೇಲಾಗಿ ಯಕೃತ್ತಿನಲ್ಲಿ ಅವಿತು ತಿಂಗಳುಗಳ ನಂತರ ಮರಳಬಲ್ಲದು. ಅವಿತದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಗರ್ಭಿಣಿಗೆ ಕೊಡುವಂತಿಲ್ಲ. ಹೊಟ್ಟೆಯೊಳಗಿನ ಮಗುವಿಗೆ ಜಿ6ಪಿಡಿ ಕಿಣ್ವದ ಕೊರತೆಯಿದ್ದರೆ ಅದರ ರಕ್ತಕಣಗಳೇ ಒಡೆಯಬಹುದು. ಹಾಗಾಗಿ ಇವಳಿಗೆ ಮೂರು ದಿನ ಕ್ಲೋರೋಕ್ವಿನ್ ಮಾತ್ರ. ಜತೆಗೆ ಡಾಕ್ಟರ್ ಹೇಳಿದ್ದು: ಹೆರಿಗೆಯವರೆಗೆ ಮೈ ಬಿಸಿಯಾದಾಗಲೆಲ್ಲ ಅದೇ ದಿನ ರಕ್ತ ಪರೀಕ್ಷೆ, ಯಾವ ಆಸ್ಪತ್ರೆಗೆ ಹೋದರೂ ಮಂಗಳೂರಿಗೆ ಹೋಗಿಬಂದದ್ದನ್ನು ಮೊದಲು ಹೇಳಬೇಕು.

ಮತ್ತೆರಡು ಸಲ ಜ್ವರ ಬಂತು, ಎರಡೂ ಸಲ ನೆಗೆಟಿವ್. ಮಗಳು ಹುಟ್ಟಿದಾಗ 2.7 ಕಿಲೋ. ಪ್ರೈಮಾಕ್ವಿನ್ ಇನ್ನೂ ಬಾಕಿ. ಎದೆಹಾಲು ಕುಡಿಯುತ್ತಿರುವುದರಿಂದ ತಾಯಿ, ಮಗು ಇಬ್ಬರಿಗೂ ಜಿ6ಪಿಡಿ ಪರೀಕ್ಷೆ ಮೊದಲು.