ಮೊದಲು ಕಿಂಗ್‌ಪಿನ್, ಆಮೇಲೆ ದೊಡ್ಡ ಟೈರು

ಹಳೆ ಜೀಪು ಸಾಕಲು ಇಚಲಕರಂಜಿಯಂಥ ಊರು ಸಿಗುವುದು ಕಷ್ಟ. 1904ರಲ್ಲಿ ವಿಠ್ಠಲರಾವ್ ದಾತಾರ ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಮಗ್ಗಗಳು ಹೆಚ್ಚಿದಂತೆ ಅವುಗಳ ರಿಪೇರಿಗೆಂದು ಓಣಿ ಓಣಿಯಲ್ಲಿ ಲೇಥು, ವೆಲ್ಡಿಂಗ್ ಅಂಗಡಿಗಳು ಬಂದವು. ಸವೆದ ಬುಶ್ ಒಂದನ್ನು ಟರ್ನರ್ ಕೈಗೆ ಕೊಟ್ಟರೆ ಅಳತೆ ಹಿಡಿದು ಹೊಸದನ್ನು ಕಡೆದು ಕೊಡುತ್ತಾನೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಬೇಕಾದರೆ ಕೊಲ್ಹಾಪುರದ ಉದ್ಯಮನಗರ ಇದೆ.

ನಾನು ಮಗ್ಗ ರಿಪೇರಿ ಮಾಡುವ ಜಾಬರ್. ಗಡಹಿಂಗ್ಲಜ ಕಡೆಯ ಸೋದರಮಾವನ ಹೊಲದಲ್ಲಿ ದುಡಿದು ದಣಿದ ಮಹೀಂದ್ರ ಎಂಎಂ 540 ಈಗ ನಮ್ಮ ಶೆಡ್ಡಿನ ಪಕ್ಕದಲ್ಲಿದೆ. ಪ್ಯೂಜೊ ಮೂಲದ 2112 ಸಿಸಿ ಡೀಸೆಲ್ ಇಂಜಿನ್, 62 ಅಶ್ವಶಕ್ತಿ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿತು. ಆ ಹಳೆಯ ಕಟ್ಟುವಿಕೆಯೇ ದಶಕಗಳ ಕಾಲ ಮುಂದುವರಿದದ್ದು ನಮ್ಮಂಥವರಿಗೆ ಒಳ್ಳೆಯದಾಯಿತು. ಕೆಳಗೆ ಪ್ರತ್ಯೇಕ ಚಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ, ನಾಲ್ಕು ಮೂಲೆಗೆ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಾನಾ ಹಿಡಿಯಲು ಬರುವವನಿಗೆ ಮುಚ್ಚಿಟ್ಟದ್ದು ಏನೂ ಇಲ್ಲ.

ಹಳೆ ಜೀಪು ಕೊಂಡವರು ಮೊದಲು ಹೇಳುವ ದೂರು ಸ್ಟೇರಿಂಗಿನದು. ಐವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಮುಂದಿನ ಚಕ್ರಗಳು ಗಡಗಡ ಅಲುಗಾಡಲು ಶುರುವಾಗಿ ಗಾಡಿ ನಿಲ್ಲಿಸುವವರೆಗೂ ಬಿಡುವುದಿಲ್ಲ. ಅದಕ್ಕೆ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಡ್ಯಾಂಪರ್ ನಡುಕವನ್ನು ಮುಚ್ಚುತ್ತದೆ, ಸವೆತ ಒಳಗೊಳಗೇ ನಡೆದಿರುತ್ತದೆ. ಟೈರಾಡ್ ಎಂಡ್ ಸಡಿಲವಾಗಿದೆಯೇ, ಪಾಟಾದ ಬುಶ್ ತಿಂದುಹೋಗಿದೆಯೇ, ಚಕ್ರದ ಬ್ಯಾಲೆನ್ಸ್ ಸರಿಯಿದೆಯೇ ಎಂದು ಒಂದೊಂದಾಗಿ ನೋಡಬೇಕು. ಕೊನೆಗೆ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕೀಲು. ಬಹಳ ಸಲ ಕಳ್ಳ ಅಲ್ಲೇ ಸಿಗುತ್ತಾನೆ.

ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಎಂದೂ ಹೋಗಬೇಡಿ. ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಒಳಗೂ ಹೊರಗೂ ಅಲುಗಿಸಿ. ವೀಲ್ ಬೇರಿಂಗ್ ಸರಿಯಿದ್ದೂ ಆಟ ಕಂಡರೆ ಅದು ಕಿಂಗ್‌ಪಿನ್ನಿನದು. ಮೇಲಿನ ಕ್ಯಾಪ್ ಬಿಚ್ಚಿದಾಗ ಅದರಡಿ ಕಾಗದದಷ್ಟು ತೆಳುವಾದ ಶಿಮ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಬೇರಿಂಗ್ ಚೆನ್ನಾಗಿದ್ದರೆ ಒಂದು ಶಿಮ್ ತೆಗೆದರೆ ಹಿಡಿತ ಬಿಗಿಯಾಗುತ್ತದೆ. ಬೇರಿಂಗಿನ ಬಟ್ಟಲಲ್ಲಿ ಗೀರು, ಕುಳಿ ಬಿದ್ದಿದ್ದರೆ ಬದಲಿಸದೆ ಗತಿಯಿಲ್ಲ. ಎಷ್ಟು ಬಿಗಿ ಸಾಕು ಎಂಬುದನ್ನು ಕೈ ಅಂದಾಜಿಗೆ ಬಿಡಬಾರದು. ಟೈರಾಡ್ ಕಳಚಿ, ಸ್ಟೇರಿಂಗ್ ಆರ್ಮ್‌ನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ಚಕ್ರ ತಿರುಗತೊಡಗುವಾಗ ಮುಳ್ಳು ತೋರಿಸುವ ತೂಕ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬರೆದ ಅಳತೆಗೆ ಹೊಂದಬೇಕು. ಎಡಕ್ಕೂ ಬಲಕ್ಕೂ ಹೀಗೆ ಹೊಂದಿಸಿದ ಜೀಪನ್ನು ರಸ್ತೆಗೆ ಇಳಿಸಿದಾಗ ಸ್ಟೇರಿಂಗ್ ಎರಡು ಬೆರಳಲ್ಲಿ ನಿಲ್ಲುತ್ತದೆ. ಆ ಖುಷಿಯ ಮುಂದೆ ಯಾವ ಹೊಸ ಕಾರೂ ನನಗೆ ಬೇಡ.

ನಮ್ಮ ಭಾಗದವರು ಮಾಡಿಸಲೇಬೇಕಾದ ಮಾರ್ಪಾಡು ಒಂದಿದೆ. ಅದಕ್ಕೆ ಖರ್ಚೂ ಕಡಿಮೆ. ಪಂಚಗಂಗೆ 2005, 2019, 2021ರಲ್ಲಿ ಹೇಗೆ ಉಕ್ಕಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಶಿರೋಲಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯೇ ನೀರಿನಡಿ ಹೋಗಿತ್ತು. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡಲು ಆಕ್ಸಲ್ ಮೇಲೆ ಬ್ರೀದರ್ ಎಂಬ ಸಣ್ಣ ತೂತು ಇರುತ್ತದೆ. ಅದು ಕೆಸರು ಕಟ್ಟಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಗೆ ಎಳೆಯಲ್ಪಡುತ್ತದೆ. ತೆರೆದೇ ಇದ್ದು ಮುಳುಗಿದರೆ ಅದರ ಮೂಲಕವೇ ಬರುತ್ತದೆ. ಮುಂದೊಂದು ದಿನ ಡ್ರೇನ್ ಬೋಲ್ಟ್ ಬಿಚ್ಚಿದಾಗ ಗೇರ್ ಆಯಿಲ್ ಹಾಲು ಬೆರೆಸಿದ ಚಹದ ಬಣ್ಣದಲ್ಲಿ ಸುರಿಯುತ್ತದೆ. ಆ ಎಣ್ಣೆಯಲ್ಲೇ ಓಡಿಸಿದರೆ ಬೇರಿಂಗ್, ಕ್ರೌನ್ ಪಿನಿಯನ್ ಎರಡೂ ಹಾಳು. ಬ್ರೀದರ್ ಬಿಚ್ಚಿ ತೊಳೆದು, ಅದಕ್ಕೆ ಎಣ್ಣೆ ತಾಳುವ ರಬ್ಬರ್ ಪೈಪ್ ಜೋಡಿಸಿ, ತುದಿಯನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು ಕಟ್ಟಿ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಎಳೆಯದಂತೆ ಪೈಪನ್ನು ಸ್ವಲ್ಪ ಸಡಿಲ ಬಿಡಿ.

ನನ್ನ ಜೊತೆ ಕೆಲಸಕ್ಕೆ ನಿಲ್ಲುವ ತಂಗಿಯ ಮಗನಿಗೆ ಇದರಲ್ಲೆಲ್ಲ ಮನಸ್ಸಿಲ್ಲ. "ಮಾಮಾ, 31 ಇಂಚಿನ ಟೈರ್ ಹಾಕೋಣ, ಗಾಡಿ ಎತ್ತರ ಮಾಡೋಣ" ಎನ್ನುತ್ತಾನೆ. ಎತ್ತರದ ಟೈರಿನಿಂದ ಕಲ್ಲುದಾರಿಯಲ್ಲಿ ಉಪಯೋಗ ಇದ್ದೇ ಇದೆ. ಆದರೆ 28 ಇಂಚಿನ ಜಾಗಕ್ಕೆ 31 ಬಂದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 66ರಲ್ಲಿ ಓಡುತ್ತಿರುತ್ತದೆ. ಬ್ರೇಕಿಗೆ ಶ್ರಮ ಹೆಚ್ಚು, ಕಿಂಗ್‌ಪಿನ್ ಬೇರಿಂಗಿಗೆ ಭಾರ ಹೆಚ್ಚು, 62 ಅಶ್ವಶಕ್ತಿಯ ಇಂಜಿನ್ ಆಂಬೋಲಿ ಘಾಟಿನಲ್ಲಿ ಒಂದು ಗೇರ್ ಕೆಳಗೆ ಇಳಿದೇ ಹತ್ತಬೇಕು. ಪಾಟಾ ಎತ್ತರಿಸಿದರೆ ಬ್ರೇಕ್ ಹೋಸ್ ಸಾಲದೆ ಬರಬಹುದು, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇಗ ಸವೆಯುತ್ತದೆ.

ಕಾನೂನನ್ನೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಇಂಜಿನ್ ಬದಲಿಸುವವರು ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಮುಂದೆ ಕಬ್ಬಿಣದ ಬುಲ್‌ಬಾರ್ ಬೇಡವೇ ಬೇಡ. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆಸಲು ರಾಜ್ಯಗಳಿಗೆ ಹೇಳಿದೆ. ಎದುರು ಸಿಕ್ಕ ಪಾದಚಾರಿಯ ಜೀವಕ್ಕೆ ಅದು ಅಪಾಯ.

ಹುಡುಗನನ್ನು ಸದ್ಯ ಹಿಂದಿನ ಬ್ರೇಕಿಗೆ ಹಚ್ಚಿದ್ದೇನೆ. ವೀಲ್ ಸಿಲಿಂಡರಿನ ರಬ್ಬರ್ ಬದಲಾಗಬೇಕು, ಲೈನರ್ ಹೊಸದು ಕೂರಬೇಕು, ಡ್ರಮ್ ಲೇಥಿಗೆ ಹೋಗಿ ಬರಬೇಕು. ಅದು ಮುಗಿಯಲಿ, ಟೈರಿನ ಮಾತು ಆಮೇಲೆ ಎಂದಿದ್ದೇನೆ.