ನೋವಿಲ್ಲದ ಕಾಮಾಲೆ: ಪಿತ್ತನಾಳ ಕಟ್ಟಿದರೆ ದಾರಿ ಯಾವುದು?



ಹಸುವಿಗೆ ಚಿಕಿತ್ಸೆ ಕೊಡಲು ಬಂದಾಗ ಮನೆಯವರ ಕಾಯಿಲೆಯ ಬಗ್ಗೆಯೂ ನೀವು ಕೇಳುವುದುಂಟು. ಹೀಗೆಯೇ ಒಂದು ಮನೆಯಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರನ್ನು ಕಂಡೆ. ಕಣ್ಣು ಅರಿಶಿನದಂತೆ ಹಳದಿ, ಮೈತುಂಬ ಕೆರೆದ ಗಾಯ. ನೋವಿಲ್ಲ, ಜ್ವರವಿಲ್ಲ. ಎರಡು ತಿಂಗಳಿಂದ ನಾಟಿ ಔಷಧಿ ಕುಡಿಯುತ್ತಿದ್ದರು. ಪಥ್ಯವೆಂದು ಊಟವನ್ನೂ ಕಡಿಮೆ ಮಾಡಿದ್ದರು. ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳವನ್ನು ಕ್ಯಾನ್ಸರ್ ಗಡ್ಡೆ ಮುಚ್ಚಿರುವುದು ತಿಳಿಯಿತು. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಹೇಳುವವನಲ್ಲ. ಆದರೂ ಕಾಮಾಲೆಯಲ್ಲಿ ಕಳೆದುಹೋಗುವ ದಿನಗಳ ಬೆಲೆ ಎಲ್ಲರಿಗೂ ತಿಳಿದಿರಲೆಂದು ಈ ಲೇಖನ.

ಎಲ್ಲ ಕಾಮಾಲೆಯೂ ಒಂದೇ ಅಲ್ಲ

ಉಣ್ಣೆಯಿಂದ ಹರಡುವ ರಕ್ತಮೂತ್ರ ರೋಗದಲ್ಲಿ ಹಸುವಿನ ಕಣ್ಣು ಹಳದಿಯಾಗುವುದನ್ನು ನೀವು ನೋಡಿರಬಹುದು. ಅಲ್ಲಿ ರಕ್ತಕಣಗಳು ಒಡೆಯುವುದೇ ಕಾರಣ. ಮನುಷ್ಯರಲ್ಲಿ ಕಲುಷಿತ ನೀರಿನಿಂದ ಬರುವ ಕಾಮಾಲೆಯಲ್ಲಿ ವೈರಸ್‌ನಿಂದ ಪಿತ್ತಜನಕಾಂಗ ಬಾತುಕೊಳ್ಳುತ್ತದೆ. ಅದು ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಕುಡಿದ ಔಷಧಿಗೆ ಹೆಸರು ಬರುತ್ತದೆ.

ಮೂರನೆಯದು ತಡೆಯಿಂದ ಬರುವ ಕಾಮಾಲೆ. ಪಿತ್ತಜನಕಾಂಗವು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸಿ, ಪಿತ್ತನಾಳದ ಮೂಲಕ ಸಣ್ಣಕರುಳಿಗೆ ಕಳುಹಿಸುತ್ತದೆ. ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಅಥವಾ ನಾಳದಲ್ಲೋ, ಪಿತ್ತಕೋಶದಲ್ಲೋ, ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲೋ ಕ್ಯಾನ್ಸರ್ ಬೆಳೆದರೆ ಈ ಹರಿವು ನಿಲ್ಲುತ್ತದೆ. ತೊಟ್ಟಿನ ನಾಳ ಕಟ್ಟಿದ ಕೆಚ್ಚಲಿನಂತೆ ಒಳಗೆಲ್ಲ ತುಂಬಿದೆ, ಹೊರಗೆ ದಾರಿಯಿಲ್ಲ. ಪಿತ್ತ ರಕ್ತಕ್ಕೆ ಮರಳುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಗಾಢವಾಗಿ, ಮಲ ಜೇಡಿಮಣ್ಣಿನಂತೆ ಬಿಳಿಚಿಕೊಂಡು, ಮೈಯೆಲ್ಲ ತುರಿಸುತ್ತದೆ. ವಿಟಮಿನ್ 'ಕೆ' ಮೈಗೆ ಹತ್ತದೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ನಿಂತ ಪಿತ್ತದಲ್ಲಿ ಸೋಂಕು ತಗುಲಿದರೆ ಜೀವಕ್ಕೇ ಅಪಾಯ.

ಪಿತ್ತಕ್ಕೆ ದಾರಿ ಮಾಡುವುದು ಹೇಗೆ?

ಸಾಮಾನ್ಯವಾಗಿ ಮೊದಲು ಮಾಡುವುದು ಇ.ಆರ್.ಸಿ.ಪಿ. ಬಾಯಿಯಿಂದ ಎಂಡೋಸ್ಕೋಪ್ ಎಂಬ ದೂರದರ್ಶಕ ಕೊಳವೆಯನ್ನು ಸಣ್ಣಕರುಳಿನವರೆಗೆ ಇಳಿಸಿ, ಪಿತ್ತನಾಳದ ಬಾಯಿಯಲ್ಲಿ ಸ್ಟೆಂಟ್ ಎಂಬ ಚಿಕ್ಕ ಕೊಳವೆಯನ್ನು ಕೂರಿಸುತ್ತಾರೆ. ಆದರೆ ಗಡ್ಡೆ ಕರುಳನ್ನೇ ಒತ್ತಿದ್ದರೆ ಅಥವಾ ಹಿಂದೆ ಜಠರದ ಶಸ್ತ್ರಚಿಕಿತ್ಸೆ ಆಗಿದ್ದರೆ ಆ ಬಾಯಿ ಸಿಗದೆ ಹೋಗಬಹುದು. ಆಗ ಹೊರಗಿನಿಂದ, ಚರ್ಮದ ಮೂಲಕ ಪಿತ್ತಜನಕಾಂಗಕ್ಕೆ ಸೂಜಿ ಚುಚ್ಚಿ ನಳಿಕೆ ಇಡುವುದು ಹಳೆಯ ಕ್ರಮ. ಇದರಿಂದ ಪಿತ್ತ ಇಳಿಯುತ್ತದೆ. ಆದರೆ ಅನೇಕ ವೇಳೆ ಚೀಲ ಕಟ್ಟಿಕೊಂಡೇ ಓಡಾಡಬೇಕು, ನಳಿಕೆ ಜಾರದಂತೆ ನೋಡಿಕೊಳ್ಳಬೇಕು.

ಇನ್ನೊಂದು ದಾರಿಯೇ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಹಸುವಿನ ಗಬ್ಬ ನೋಡಲು ಗುದದ್ವಾರದ ಮೂಲಕ ಸ್ಕ್ಯಾನ್ ಮಾಡುವಾಗ ಕರುಳಿನ ಗೋಡೆಯ ಆಚೆಗಿರುವ ಗರ್ಭಕೋಶ ಪರದೆಯ ಮೇಲೆ ಕಾಣುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ಎಂಡೋಸ್ಕೋಪಿನ ತುದಿಯಲ್ಲಿರುವ ಸ್ಕ್ಯಾನರ್ ಜಠರ ಅಥವಾ ಕರುಳಿನ ಒಳಗಿನಿಂದ, ಗೋಡೆಯ ಆಚೆ ಉಬ್ಬಿರುವ ಪಿತ್ತನಾಳವನ್ನು ತೋರಿಸುತ್ತದೆ. ಅದನ್ನು ನೋಡುತ್ತಲೇ ವೈದ್ಯರು ಸೂಜಿ ಹಾಯಿಸಿ, ತಂತಿ ಇಳಿಸಿ, ರಂಧ್ರವನ್ನು ಅಗಲಿಸಿ ಲೋಹದ ಸ್ಟೆಂಟ್ ಕೂರಿಸುತ್ತಾರೆ. ಸಣ್ಣಕರುಳಿನಿಂದ ಮುಖ್ಯ ನಾಳಕ್ಕೆ ಇಲ್ಲವೇ ಜಠರದಿಂದ ಪಿತ್ತಜನಕಾಂಗದ ಎಡಭಾಗದ ನಾಳಕ್ಕೆ ಹೀಗೆ ದಾರಿ ಮಾಡಬಹುದು. ಕಟ್ಟಿದ ಕಾಲುವೆಯನ್ನು ಬಿಟ್ಟು ಪಕ್ಕದಲ್ಲಿ ಹೊಸ ತೂಬು ಇಟ್ಟಂತೆ. ಪಿತ್ತ ಒಳಗೇ ಹರಿಯುತ್ತದೆ, ಹೊರಗೆ ಚೀಲವಿಲ್ಲ.

ಹೀಗೆ ಪಿತ್ತನಾಳವನ್ನು ಕರುಳಿಗೆ ಜೋಡಿಸಿದ್ದನ್ನು 2001ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದ ಡಾ. ಜಿಯೊವನ್ನಿನಿ ಮತ್ತು ಸಂಗಡಿಗರು ಮೊದಲು ವರದಿ ಮಾಡಿದರು. ಪಿತ್ತನಾಳದ ಕೆಳಭಾಗ ಕ್ಯಾನ್ಸರಿನಿಂದ ಕಟ್ಟಿದವರಲ್ಲಿ ಇದನ್ನೂ ಇ.ಆರ್.ಸಿ.ಪಿ.ಯನ್ನೂ ಹೋಲಿಸಿದ ಎರಡು ಅಧ್ಯಯನಗಳು 2023ರಲ್ಲಿ ಪ್ರಕಟವಾದವು. ಒಂದು ವರ್ಷದ ಅವಧಿಯಲ್ಲಿ ಸ್ಟೆಂಟ್ ತೆರೆದಿರುವುದರಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೂ ಮಿತಿಯಿದೆ

ಪಿತ್ತ ಸೋರುವುದು, ರಕ್ತಸ್ರಾವ, ಸೋಂಕು, ಸ್ಟೆಂಟ್ ಜಾರುವುದು ಅಥವಾ ಕಟ್ಟುವುದು ಇದರ ತೊಂದರೆಗಳು. ಆದ್ದರಿಂದ ಅನುಭವವಿರುವ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಬೇಕು. ಇದು ಕ್ಯಾನ್ಸರನ್ನು ತೆಗೆಯುವುದಿಲ್ಲ. ಕಾಮಾಲೆ ಇಳಿಸಿ, ತುರಿಕೆ ಹೋಗಲಾಡಿಸಿ, ಅನೇಕರಿಗೆ ಮುಂದಿನ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿ ಬರುವಂತೆ ಮಾಡುತ್ತದೆ. ಗಡ್ಡೆ ಚಿಕ್ಕದಿದ್ದಾಗಲೇ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ತೆಗೆಯುವ ಅವಕಾಶವೂ ಇರುತ್ತದೆ.

ನೆನಪಿಡಬೇಕಾದ ಅಂಶಗಳು

1. ವಯಸ್ಸಾದವರಲ್ಲಿ ನೋವಿಲ್ಲದೆ ಕಾಮಾಲೆ ಬಂದು, ತುರಿಕೆ, ಬಿಳಿಚಿದ ಮಲ, ತೂಕ ಇಳಿಕೆ ಕಂಡರೆ ಆ ವಾರದಲ್ಲೇ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸಿ.

2. ಬರೆ ಹಾಕಿಸಬೇಡಿ, ಕಣ್ಣಿಗೆ ರಸ ಬಿಡಿಸಬೇಡಿ. ಕಟ್ಟಿದ ನಾಳ ಇವುಗಳಿಂದ ಬಿಡುವುದಿಲ್ಲ.

3. ಕಾಮಾಲೆಯೊಂದಿಗೆ ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಸ್ಟೆಂಟ್ ಹಾಕಿಸಿಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ.

4. ಒಂದು ವಿಧಾನ ಆಗಲಿಲ್ಲವೆಂದರೆ ಕೈಚೆಲ್ಲಬೇಡಿ. ಬೇರೆ ದಾರಿ ಇದೆಯೇ ಎಂದು ವೈದ್ಯರನ್ನು ಕೇಳಿ.

5. ಯಶಸ್ವಿನಿ ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸಿಡಿ. ದಾಖಲಾಗುವ ಮೊದಲೇ, ಮಾಡಿಸಲಿರುವ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ.

ಆ ಹಿರಿಯರಿಗೆ ಇದೇ ವಿಧಾನದಲ್ಲಿ ಸ್ಟೆಂಟ್ ಹಾಕಿದರು. ಗಡ್ಡೆ ತೆಗೆಯುವ ಹಂತ ದಾಟಿತ್ತು. ಆದರೆ ತುರಿಕೆ ನಿಂತು ರಾತ್ರಿ ನಿದ್ದೆ ಬಂತು, ಮತ್ತೆ ಮುದ್ದೆ ಉಂಡರು, ಕೆಲವು ತಿಂಗಳು ಮನೆಯವರ ಜೊತೆ ನೆಮ್ಮದಿಯಿಂದ ಇದ್ದರು. "ಎರಡು ತಿಂಗಳು ಮೊದಲೇ ಹೋಗಿದ್ದರೆ?" ಎಂದು ಅವರ ಮಗ ಈಗಲೂ ಕೇಳುತ್ತಾನೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ನಮಗೆ ಹೇಳಿಕಳುಹಿಸುವ ನೀವು, ಮನೆಯ ಹಿರಿಯರ ಕಣ್ಣು ಹಳದಿಯಾದಾಗಲೂ ಅಷ್ಟೇ ಬೇಗ ಹೊರಡಿರಿ.