ತೋಟದ ಕೂಲಿಗೂ ಚಾಳೀಸು ಬೇಕು

ನಲವತ್ತು ವರ್ಷ ದಾಟುತ್ತಲೇ ಕಣ್ಣಿನೊಳಗಿನ ಮಸೂರವು ಪೆಡಸಾಗಿ, ಹತ್ತಿರದ ವಸ್ತುಗಳು ಮಸಕಾಗತೊಡಗುವುವು. ಇದು ರೋಗವಲ್ಲ, ದೇಹಧರ್ಮ. ನಲವತ್ತೆಂಬ ಅರ್ಥದ ಹಿಂದೂಸ್ತಾನೀ ಮಾತಿನಿಂದಲೇ ನಮ್ಮ ಹಿರಿಯರು ಕನ್ನಡಕವನ್ನು ಚಾಳೀಸೆಂದು ಕರೆದರು. ಅಚ್ಚಿನ ಕರಡಿನಲ್ಲಿ ಒತ್ತಕ್ಷರಗಳು ಕಾಣದಾದಾಗ ನಾವೂ ಅದನ್ನು ಧರಿಸಿದೆವು. ನಮ್ಮ ಕಸುಬು ಉಳಿಯಿತು. ಆದರೆ ಕಣ್ಣನ್ನು ನಂಬಿ ಬಾಳುವವರು ಅಕ್ಷರಸ್ಥರು ಮಾತ್ರವೇ?

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳನ್ನು ವಾಚಕರು ಒಮ್ಮೆ ನೆನೆಯಬೇಕು. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ. ಮರಗಳ ನೆರಳಿನಲ್ಲಿ ನಿಂತು, ಒಂದೇ ಗೊಂಚಲಿನ ಕೆಂಪು ಹಣ್ಣನ್ನು ಬಿಡಿಸಿ ಹಸುರು ಕಾಯನ್ನು ಉಳಿಸಬೇಕು. ಕಾಯಿ ಬೆರೆತರೆ ಸರಕಿನ ದರ್ಜೆ ಇಳಿಯುವುದು. ಕೈ ತಡವಾದರೆ ತೂಕಕ್ಕೆ ದೊರೆಯುವ ಕೂಲಿ ಇಳಿಯುವುದು. ವಯಸ್ಸಾಯಿತೆಂದು ಆ ತಾಯಿಯನ್ನು ಬದಿಗೆ ಸರಿಸುವರು. ಸೋತದ್ದು ಕೈಯಲ್ಲ, ಕಣ್ಣು.

ಇದು ಬರಿಯ ಕನಿಕರದ ಮಾತಲ್ಲ. 2017ರಲ್ಲಿ ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ಮೀರಿದ 751 ಮಂದಿ ಕೂಲಿಗಾರರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕೂಡಲೇ, ಇನ್ನೊಂದಕ್ಕೆ ಪರೀಕ್ಷೆ ಮುಗಿದ ಮೇಲೆ, ಹತ್ತಿರದ ನೋಟದ ಕನ್ನಡಕ ಕೊಡಲಾಯಿತು. ಮೊದಲ ಪಂಗಡದ ಕೊಯ್ಲು ಎರಡನೆಯದಕ್ಕಿಂತ ಶೇಕಡ 21.7ರಷ್ಟು ಹೆಚ್ಚಾಯಿತೆಂದು 2018ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆ ಪ್ರಕಟಿಸಿತು. ಇಂತಹ ಕನ್ನಡಕ ದೊರೆಯದವರು ಲೋಕದಲ್ಲಿ 82 ಕೋಟಿ 60 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಎಣಿಸಿತು.

ಸರಕಾರವು ಏನೂ ಮಾಡಿಲ್ಲವೆನ್ನಲಾಗದು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 1976ರಿಂದಲೂ ಇದೆ. ಮನೆಮನೆಗೆ ಹೋಗಿ ಕಣ್ಣು ನೋಡಿ ಉಚಿತ ಕನ್ನಡಕ ಕೊಡುವ ಆಶಾಕಿರಣ ಯೋಜನೆ 2023ರಲ್ಲಿ ಹಾವೇರಿಯಲ್ಲಿ ಆರಂಭವಾಯಿತು. ಆದರೆ ಗುಡ್ಡದ ಲೈನುಮನೆಯಿಂದ ಪೇಟೆಯ ಆಸ್ಪತ್ರೆಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಉಚಿತವೆಂಬುದು ಅಲ್ಲಿಗೆ ದುಬಾರಿಯಾಯಿತು! ಡಾಕ್ಟರ್ ಎಂ. ಸಿ. ಮೋದಿಯವರು ರೋಗಿಗಳ ಹಾದಿ ಕಾಯದೆ ಶಸ್ತ್ರಚಿಕಿತ್ಸೆಯನ್ನೇ ಊರೂರಿಗೆ ಒಯ್ದ ನಾಡಿದು. ಕನ್ನಡಕವನ್ನು ಒಯ್ಯುವುದು ಅದಕ್ಕಿಂತ ಕಷ್ಟವೇ?

ಕೊಯ್ಲಿಗೆ ಮುನ್ನ ತಾಲ್ಲೂಕು ಆರೋಗ್ಯಾಧಿಕಾರಿಗಳೂ ಬೆಳೆಗಾರರ ಸಂಘಗಳೂ ಕೂಡಿ ತೋಟದ ಕಣದಲ್ಲಿಯೇ ಪರೀಕ್ಷೆ ಏರ್ಪಡಿಸಲಿ. ಪೊರೆಯೋ ಸಕ್ಕರೆ ಕಾಯಿಲೆಯ ಕೇಡೋ ಕಂಡವರನ್ನು ಆಸ್ಪತ್ರೆಗೆ ಕಳುಹಿಸಲಿ. ಉಳಿದವರಿಗೆ ಅಲ್ಲಿಯೇ ಕನ್ನಡಕ ಕೊಡಲಿ. ಕೂಲಿಗಾರರ ವೈದ್ಯಸೌಕರ್ಯವು ತೋಟದ ಯಜಮಾನರ ಹೊಣೆಯೆಂದು 1951ರ ಶಾಸನವೇ ವಿಧಿಸಿತ್ತು. ಆ ಧರ್ಮ ಹೊಸತಲ್ಲ. ಆಕೆಯ ಬುಟ್ಟಿ ತುಂಬಿದರೆ ಯಜಮಾನನ ಕಣವೂ ತುಂಬುವುದು.